ವಾಡಿ ಅಣ್ಣನ ಕೈಗೆ ಕೊಟ್ಟ ಅಕ್ಷರಗಳು

ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ ಎಂದು ಮನೆಯವರೆಲ್ಲ ಹೇಳುತ್ತಾರೆ. ಸುಳ್ಳಲ್ಲ. ಆದರೆ ಸೇಡಂನ ಆ ಕಲ್ಯಾಣ ಮಂಟಪದಲ್ಲಿ, ಅಷ್ಟು ಜನರ ಮುಂದೆ, ನಾನು ನಗುತ್ತಾ ನಿಂತಿದ್ದೆ. ನಕ್ಕು, ಕೈಮುಗಿದು, ಫೋಟೋ ಹೊಡೆಸಿಕೊಂಡಿದ್ದೆ. ಅದನ್ನು ನೆನೆದರೆ ಈಗಲೂ ನನ್ನ ಮೇಲೇ ಸಿಟ್ಟು ಬರುತ್ತದೆ.

ಚಿತ್ತಾಪುರದ ಬಸ್ ಸ್ಟ್ಯಾಂಡಿನ ಹತ್ತಿರ ಒಂದು ಕಾಲಕ್ಕೆ ನನ್ನದೊಂದು ಕಂಪ್ಯೂಟರ್ ಸೆಂಟರ್ ಇತ್ತು. ಇದ್ದದ್ದು ಒಂದೇ ಕಂಪ್ಯೂಟರು, ಹಸಿರು ಅಕ್ಷರ ಮೂಡುವ ಪರದೆಯದು. ಪಕ್ಕದಲ್ಲಿ ಕರ್‌ಕರ್ ಎಂದು ಓಣಿಗೆಲ್ಲ ಕೇಳುವಂತೆ ಕಿರುಚುವ ಪ್ರಿಂಟರು. ಬೆಳಿಗ್ಗೆ ಹುಡುಗಿಯರಿಗೆ ಟೈಪಿಂಗ್ ಕಲಿಸುವುದು, ಮಧ್ಯಾಹ್ನದ ಮೇಲೆ ಮದುವೆ ಕಾರ್ಡಿನ ಕೆಲಸ. ಕನ್ನಡ ಮೂಡಿಸುವ ಸಾಫ್ಟ್‌ವೇರು ಆಗ ದೊಡ್ಡ ಊರಿನ ಪ್ರೆಸ್ಸಿನವರಿಗಷ್ಟೇ ಎಟುಕುವ ಮಾತು. ಹಾಗಂತ ಚಿತ್ತಾಪುರದ ಮದುವೆಗಳು ಇಂಗ್ಲಿಷಿನಲ್ಲಿ ಆಗಲಿಕ್ಕೆ ಬರುತ್ತದೆಯೇ? ನಾನೇ ಕೂತು ಅಕ್ಷರ ಮಾಡಿದೆ. ಗ್ರಾಫ್ ಹಾಳೆಯ ಸಣ್ಣ ಮನೆಗಳನ್ನು ಪೆನ್ಸಿಲಿನಿಂದ ತುಂಬುತ್ತಾ ಒಂದೊಂದೇ ಅಕ್ಷರ ಬರೆಯುವುದು, ಯಾವ ಮನೆ ಕಪ್ಪು ಯಾವ ಮನೆ ಖಾಲಿ ಎಂದು ನೋಡಿ ಕಂಪ್ಯೂಟರಿಗೆ ತುಂಬುವುದು, ಪ್ರಿಂಟ್ ತೆಗೆದು ನೋಡುವುದು, ಮತ್ತೆ ಅಳಿಸುವುದು. ಭ ಎಂಬ ಅಕ್ಷರ ನನ್ನನ್ನು ಅಳಿಸಿಯೇ ಬಿಟ್ಟಿತ್ತು. ಕಾರ್ಡಿನ ನೆತ್ತಿಗೆ ಬರುವ ಶ್ರೀ ಮಾತ್ರ ಒಂದೇ ಸಲಕ್ಕೆ ಬಂತು. ದೀಪಾವಳಿಗೆ ನಮ್ಮಪ್ಪ ಅಂಗಡಿಯ ಗೋಡೆಗೆ ಕುಂಕುಮದಲ್ಲಿ ಬರೆಯುತ್ತಿದ್ದ ಶ್ರೀ ಅದು. ಕೊನೆಗೆ ಬೆರಳನ್ನು ಮೇಲಕ್ಕೆ ಚಿಮ್ಮಿಸಿ ಬಿಡುತ್ತಿದ್ದರು. ಆ ಚಿಮ್ಮು ನನ್ನ ಶ್ರೀಯಲ್ಲೂ ಇತ್ತು.

ಸುತ್ತಲಿನ ಎಷ್ಟು ಮದುವೆಗಳ ಕಾರ್ಡು ಆ ಅಕ್ಷರದಲ್ಲಿ ಹೋದವೋ. ಕಾರ್ಡು ಓದಿ ಜನ ಊಟಕ್ಕೆ ಹೋದರು, ಉಂಡು ಬಂದರು. ಅಕ್ಷರ ಯಾರದು ಎಂದು ಒಬ್ಬರೂ ಕೇಳಲಿಲ್ಲ. ನಾನೂ ಹೇಳಿಕೊಳ್ಳಲಿಲ್ಲ. ಮುಂದೆ ಹೊಸ ಕಂಪ್ಯೂಟರುಗಳು ಬಂದವು, ಸೆಂಟರ್ ಮುಚ್ಚಿತು. ಗ್ರಾಫ್ ಹಾಳೆಗಳನ್ನು ಗೆದ್ದಲು ತಿಂದಿತು, ಫ್ಲಾಪಿಗಳಿಗೆ ಬೂಷ್ಟು ಹಿಡಿಯಿತು. ಆ ಅಕ್ಷರಗಳು ಉಳಿದದ್ದು ಒಂದೇ ಕಡೆ, ಹಳೇ ಕಂಪ್ಯೂಟರಿನ ಹೊಟ್ಟೆಯೊಳಗಿನ ಹಾರ್ಡ್ ಡಿಸ್ಕಿನಲ್ಲಿ. ಅದು ತಿರುಗುವುದು ನಿಂತು ಬಹಳ ವರ್ಷವಾಗಿತ್ತು. ಸ್ವಿಚ್ ಹಾಕಿದರೆ ಒಮ್ಮೆ ಟಿಕ್ ಎನ್ನುತ್ತಿತ್ತು, ಅಷ್ಟೇ.

ಇನ್ನು ವಾಡಿ ಅಣ್ಣ. ವಾಡಿಯಲ್ಲಿ ಅವರದು ಟಿವಿ, ಕಂಪ್ಯೂಟರು ರಿಪೇರಿ ಅಂಗಡಿ. ನನಗಿಂತ ನಾಲ್ಕೈದು ವರ್ಷ ದೊಡ್ಡವರು, ಸಂಬಂಧಿಕರಲ್ಲದಿದ್ದರೂ ಅಣ್ಣ ಎಂದೇ ಕರೆಯುತ್ತಿದ್ದೆ. ಸೆಂಟರಿನ ಕಾಲದಿಂದಲೂ ನನ್ನ ಕಂಪ್ಯೂಟರಿನ ಡಾಕ್ಟರು ಅವರೇ. ಆಗ ರಿಪೇರಿಗೆ ಹೋದ ಕಂಪ್ಯೂಟರು ಒಳಗಿನ ಒಳ್ಳೆಯ ಭಾಗ ಕಳೆದುಕೊಂಡು, ಯಾರದೋ ಹಳೆಯದನ್ನು ಹಾಕಿಸಿಕೊಂಡು ವಾಪಸ್ ಬರುವುದು ಮಾಮೂಲಿ. ಅದಕ್ಕೇ ನಾವೆಲ್ಲ ಒಳಗಿನ ಒಂದೊಂದು ಭಾಗಕ್ಕೂ ಉಗುರಿನ ಬಣ್ಣದ ಚುಕ್ಕಿ ಇಟ್ಟು ಕಳಿಸುತ್ತಿದ್ದೆವು. ಪ್ರಿಂಟರನ್ನು ಬೇರೆಯವರಿಗೆ ಕೊಡುವಾಗ ನಾನೂ ಚುಕ್ಕಿ ಇಟ್ಟೇ ಕೊಟ್ಟವಳು. ವಾಡಿ ಅಣ್ಣನಿಗೆ ಮಾತ್ರ ಇಡುತ್ತಿರಲಿಲ್ಲ. ಅಣ್ಣನ ಕೈಗೆ ಕೊಡುವಾಗ ಚುಕ್ಕಿ ಇಟ್ಟರೆ ಅವರಿಗೆ ಅವಮಾನ, ನನಗೆ ಪಾಪ ಎಂದುಕೊಂಡಿದ್ದೆ.

ಸೆಂಟರ್ ಮುಚ್ಚಿ ಬಹಳ ವರ್ಷದ ಮೇಲೆ, ಹಳೇ ಕಂಪ್ಯೂಟರುಗಳನ್ನು ಜನರಿಗೆ ತೋರಿಸುವ ಹಬ್ಬ ಮಾಡೋಣ ಎಂದು ಹೊರಟವರು ಸೇಡಂನ ಒಬ್ಬ ಮಾಸ್ತರರು. ಅವರಿಗೆ ಗುಜರಿ ಅಂಗಡಿ ಕಂಡರೆ ಕಾಲು ನಿಲ್ಲುವುದಿಲ್ಲ. ಹೈದರಾಬಾದಿಗೆ ಮದುವೆಗೆಂದು ಹೋದರೂ ಬರುವಾಗ ಕಂಕುಳಲ್ಲಿ ಒಂದು ಕೀಬೋರ್ಡು ಇರುತ್ತಿತ್ತು. ಚಿಂಚೋಳಿಯಲ್ಲಿ ಒಬ್ಬರು, ಟಿವಿಗೆ ಜೋಡಿಸಿ ಆಡುವ ಹಳೇ ಕಂಪ್ಯೂಟರನ್ನು ಮಗುವಿನ ಹಾಗೆ ಬಟ್ಟೆ ಸುತ್ತಿ ಇಟ್ಟುಕೊಂಡವರು. ಹೀಗೆ ಒಬ್ಬೊಬ್ಬರಾಗಿ ಕೂಡಿದೆವು. ಎಲ್ಲರಿಗೂ ರೈಲು ಸಿಗುವುದು ವಾಡಿಯಲ್ಲಿ ಎಂದು ಅಲ್ಲಿನ ಪ್ಲಾಟ್‌ಫಾರ್ಮಿನ ಬೆಂಚೇ ನಮ್ಮ ಮೀಟಿಂಗ್ ಹಾಲ್. ಗೂಡ್ಸ್ ಗಾಡಿ ಬಂದಾಗ ಮಾತು ನಿಲ್ಲಿಸಿ ಚಹಾ ಕುಡಿಯುವುದು, ಹೋದ ಮೇಲೆ ಮತ್ತೆ ಜಗಳ.

ದೊಡ್ಡ ಜಗಳ ಆದದ್ದು ಒಂದೇ ಮಾತಿಗೆ. ಶುರುವಾಗದ ಕಂಪ್ಯೂಟರನ್ನು ಇಡಬೇಕೋ ಬೇಡವೋ? ಒಳಗೆ ಹೊಸ ಸಾಮಾನು ಕೂಡಿಸಿ ಓಡಿಸಿದರಾಯಿತು, ನೋಡುವವರಿಗೇನು ಗೊತ್ತಾಗುತ್ತದೆ ಎಂದರು ಮಾಸ್ತರರು. ವಾಡಿ ಅಣ್ಣ ಚಹಾದ ಕಪ್ಪು ಕೆಳಗಿಟ್ಟರು.

"ಹಂಗ ಮಾಡೋದಾದ್ರ ಹಬ್ಬ ಯಾಕ ಬೇಕ್ರಿ ಮಾಸ್ತರ? ಎದ್ರ ಎದ್ದದ ಅನ್ರಿ, ಏಳಲಿಲ್ಲಂದ್ರ ಏಳಲಿಲ್ಲ ಅನ್ರಿ. ಸುಳ್ಳ್ಯಾಕ ಹೇಳ್ಬೇಕು?"

ಆ ಮಾತು ನಮ್ಮ ಕಾಯಿದೆಯಾಯಿತು. ಅಣ್ಣನೇ ದಪ್ಪ ಕಾಗದ ಕತ್ತರಿಸಿ, ತಮ್ಮ ದುಂಡು ಅಕ್ಷರದಲ್ಲಿ 'ಏಳಲಿಲ್ಲ' ಎಂದು ಬರೆದು ಒಂದಷ್ಟು ಚೀಟಿ ಮಾಡಿದರು. ಯಾವುದು ಶುರುವಾಗುವುದಿಲ್ಲವೋ ಅದರ ಮುಂದೆ ಆ ಚೀಟಿ. ಚಿಂಚೋಳಿಯವರು ತಮ್ಮ ಕೂಸಿನ ಪಾಲಿನ ಚೀಟಿಯನ್ನು ಆಗಲೇ ಜೇಬಿಗೆ ಹಾಕಿಕೊಂಡರು. ಎಲ್ಲರೂ ನಕ್ಕೆವು.

ಆ ಬೇಸಿಗೆಯಲ್ಲಿ ನನ್ನ ಕಂಪ್ಯೂಟರನ್ನು ಅಣ್ಣನ ಅಂಗಡಿಗೆ ಕೊಟ್ಟೆ. ಡಿಸ್ಕಿನ ವಿಷಯ ಬಾಯಿಬಿಟ್ಟು ಹೇಳಿದೆ. "ಅಣ್ಣಾ, ನನ್ನ ಅಕ್ಷರ ಇರೋದು ಇದ್ರಾಗ ಒಂದೇ ಕಡಿ. ಏಳಲಿಲ್ಲಂದ್ರ ಬಿಡ್ರಿ, ಹಂಗೇ ಇಡೋಣು. ಅದನ್ನ ಮಾತ್ರ ಬಿಚ್ಚಬ್ಯಾಡ್ರಿ."

"ಫಿಕರ್ ಮಾಡಬ್ಯಾಡ ತಂಗಿ. ನನ್ನ ಮನಿ ಸಾಮಾನಿದ್ದಂಗ ನೋಡ್ಕೋತೀನಿ" ಎಂದರು.

ಆಮೇಲೆ ಹೋದಾಗಲೆಲ್ಲ ಕಂಪ್ಯೂಟರಿನ ಹೊರಗಿನ ಡಬ್ಬಿ, ಅಂಗಡಿಯ ಮಾಳಿಗೆಯ ಮೇಲೆ ಬಿಸಿಲು ಕಾಯುತ್ತಿತ್ತು. ಹಳದಿಯಾದ ಪ್ಲಾಸ್ಟಿಕ್ಕಿಗೆ ಮೆಡಿಕಲ್ ಶಾಪಿನಲ್ಲಿ ಸಿಗುವ ಪೆರಾಕ್ಸೈಡ್ ಬಳಿದು ಬಿಸಿಲಿಗಿಟ್ಟರೆ ಬೆಳ್ಳಗಾಗುತ್ತದೆ. ನಮ್ಮ ಬಿಸಿಲನ್ನು ಬೈಯುವವರೇ ಎಲ್ಲ, ಅದರಿಂದ ಒಂದು ಉಪಯೋಗವಾದದ್ದು ನಾನು ಕಂಡದ್ದು ಆಗಲೇ. ಡಿಸ್ಕು ಏನಾಯಿತು ಎಂದು ಕೇಳಿದರೆ, "ಆಗ್ಲಿಕತ್ತದ, ಆಗ್ತದ, ಚಹಾ ಕುಡಿ" ಎನ್ನುತ್ತಿದ್ದರು. ದೀಪಾವಳಿ ಹತ್ತಿರವಾದಾಗ ಫೋನು ಬಂತು. "ಎದ್ದದ ತಂಗಿ. ಈಗ ನೋಡಾಕ ಬರಬ್ಯಾಡ, ಸೇಡಂದಾಗ ಎಲ್ಲಾರ ಮುಂದ ನೋಡು."

ಫೋನು ಇಟ್ಟು ನಾನು ಅತ್ತೆ. ಆ ಅಳುವನ್ನು ಈಗ ವಾಪಸ್ ತೆಗೆದುಕೊಳ್ಳಲಿಕ್ಕೆ ಬರುವುದಿಲ್ಲ.

ಹಬ್ಬದ ದಿನ ಬೆಳಗಿನ ಗಾಡಿಗೆ ಸೇಡಂಗೆ ಹೋದೆ. ಇಳಕಲ್ ಸೀರೆ ಉಟ್ಟಿದ್ದೆ, ತಲೆಗೆ ಹೂ ಮುಡಿದಿದ್ದೆ, ನನ್ನದೇ ಮದುವೆಯೇನೋ ಎಂಬಂತೆ. ಮಂಟಪದಲ್ಲಿ ಮೇಜುಗಳ ಸಾಲು, ಒಂದು ಮೂಲೆಯಲ್ಲಿ ಮಂಡಕ್ಕಿಯ ಸುಸಲ, ಮಿರ್ಚಿ ಭಜಿ. ಜನ ಬರುವುದೋ ಇಲ್ಲವೋ ಎಂದು ಹೆದರಿದ್ದೆವು, ಶಾಲೆ ಮಕ್ಕಳಿಂದ ಹಿಡಿದು ಮುದುಕರವರೆಗೆ ಬಂದರು. ಒಂದು ಹುಡುಗಿ ಫ್ಲಾಪಿಯನ್ನು ತಿರುಗಿಸಿ ಮುರುಗಿಸಿ ನೋಡಿ, "ಇದ್ರಾಗ ರೀಲ್ಸ್ ಬರ್ತಾವೇನ್ರಿ?" ಎಂದು ಕೇಳಿದಳು. ಅದರಲ್ಲಿ ನಿನ್ನದೊಂದು ಫೋಟೋ ಸಹ ಹಿಡಿಸುವುದಿಲ್ಲ ಎಂದೆ. ನಂಬಲಿಲ್ಲ. ಚಿಂಚೋಳಿಯವರು ಬಟ್ಟೆ ಬಿಚ್ಚಿ ತಮ್ಮ ಕಂಪ್ಯೂಟರನ್ನು ಮೇಜಿನ ಮೇಲಿಟ್ಟು, ಮುಂದೆ 'ಏಳಲಿಲ್ಲ' ಚೀಟಿ ನಿಲ್ಲಿಸಿ, ಕೇಳಿದವರಿಗೆಲ್ಲ ಅದು ಏಳುತ್ತಿದ್ದ ಕಾಲದ ಕಥೆ ಹೇಳುತ್ತಾ ನಿಂತರು. ಅವರ ಮೇಜಿನ ಮುಂದೆಯೇ ಎಲ್ಲಕ್ಕಿಂತ ಹೆಚ್ಚು ಜನ.

ಸಮಾರಂಭಕ್ಕೆ ಕಲಬುರಗಿಯಿಂದ ಒಬ್ಬ ನಿವೃತ್ತ ಪ್ರಾಧ್ಯಾಪಕರು ಮುಖ್ಯ ಅತಿಥಿಯಾಗಿ ಬಂದಿದ್ದರು. ವೇದಿಕೆಯ ಮೇಲೆ ನನ್ನ ಕಂಪ್ಯೂಟರು, ಹೊಸ ಮದುಮಗಳ ಹಾಗೆ ಬೆಳ್ಳಗೆ. ಈ ಭಾಗದ ಮದುವೆ ಕಾರ್ಡಿನ ಅಕ್ಷರ ಮಾಡಿದವರು ಇವರೇ ಎಂದು ಮಾಸ್ತರರು ಮೈಕಿನಲ್ಲಿ ನನ್ನನ್ನು ತೋರಿಸಿದರು. ಜೀವಮಾನದಲ್ಲಿ ಮೊದಲ ಸಲ ನಾಲ್ಕು ಜನರ ಮುಂದೆ ಆ ಮಾತು ಬಂತು. ಅಣ್ಣ ಸ್ವಿಚ್ ಹಾಕಿದರು.

ಸದ್ದೇ ಇಲ್ಲ. ಹಾರ್ಡ್ ಡಿಸ್ಕು ತಿರುಗಲು ಹತ್ತಿದರೆ ಮೊದಲು ಒಂದು ಗುಂಯ್, ಆಮೇಲೆ ಕಟಕಟ. ಆ ಸದ್ದು ನನಗೆ ನಿದ್ದೆಯಲ್ಲೂ ಗೊತ್ತು. ಇದು ಉಸಿರೇ ಆಡದೆ ಪರದೆ ತುಂಬಿತು. ನಡುವೆ ದೊಡ್ಡದಾಗಿ ಶ್ರೀ. ಚಿಮ್ಮು ಇಲ್ಲದ ಶ್ರೀ. ನುಣ್ಣಗೆ, ಅಂದವಾಗಿ, ಯಾರದೋ. ಜನ ಚಪ್ಪಾಳೆ ತಟ್ಟಿದರು. ನಾನು ಅಣ್ಣನ ಮುಖ ನೋಡಿದೆ. ಅವರು ವೈರ್ ಸರಿಮಾಡುವವರಂತೆ ಬಗ್ಗಿದರು.

ಅಲ್ಲೇ ಕೂಗಬೇಕಿತ್ತು. ಕೂಗಲಿಲ್ಲ. ಮಾಸ್ತರರು ಆಗಲೇ ನನ್ನ ಕೈಗೆ ನೆನಪಿನ ಕಾಣಿಕೆ ಕೊಟ್ಟು, ಅತಿಥಿಗಳಿಗೆ ಒಪ್ಪಿಸಿರಿ ಎಂದಿದ್ದರು. ಅಂಗೈ ಅಗಲದ ಶಹಾಬಾದ್ ಫರ್ಸಿ ಕಲ್ಲು, ನೆಲಕ್ಕೆ ಹಾಸುವಂಥದ್ದು, ನಯ ಮಾಡಿದ್ದು. ಅದರ ಮೇಲೆ ಕನ್ನಡಿಯಂತೆ ಹೊಳೆಯುವ ಒಂದು ದುಂಡನೆಯ ಬಿಲ್ಲೆ. ಎರಡೂ ಕೈಯಿಂದ ಕೊಟ್ಟೆ, ನಮಸ್ಕಾರ ಮಾಡಿದೆ. ಅತಿಥಿಗಳು ಅಂಥದ್ದೇ ಇನ್ನೊಂದನ್ನು ನನಗೆ ಕೊಟ್ಟರು. ಎರಡನ್ನೂ ವಾಡಿ ಅಣ್ಣ ಸ್ವತಃ ತಮ್ಮ ಕೈಯಿಂದ ಮಾಡಿದ್ದಾರೆ ಎಂದು ಮೈಕಿನಲ್ಲಿ ಹೇಳಿದರು. ಮತ್ತೆ ಚಪ್ಪಾಳೆ.

ಭಾಷಣ ಮುಗಿದು ಜನ ಭಜಿಯ ಕಡೆಗೆ ನಡೆದ ಮೇಲೆ ನಾನು ಕಂಪ್ಯೂಟರಿನ ಹಿಂದೆ ಹೋಗಿ ಮುಚ್ಚಳ ತೆಗೆದೆ. ಡಿಸ್ಕು ಇರಬೇಕಾದ ಜಾಗ ಖಾಲಿ. ಅಲ್ಲಿ ಫೋಟೋ ತೆಗೆಯುವ ಕ್ಯಾಮೆರಾಕ್ಕೆ ಹಾಕುವಂಥ ಒಂದು ಮೆಮೊರಿ ಕಾರ್ಡು, ಅಷ್ಟೇ. ಪರದೆಯ ಶ್ರೀ ಬಂದದ್ದು ಅದರಿಂದ. ಅಣ್ಣ ಹಿಂದೆ ಬಂದು ನಿಂತಿದ್ದರು.

"ನನ್ನ ಡಿಸ್ಕ್ ಎಲ್ಲದ?"

"ಕುಂದ್ರು ತಂಗಿ, ಹೇಳ್ತೀನಿ."

"ನಿಂತೇ ಕೇಳ್ತೀನಿ, ಹೇಳ್ರಿ."

ಹೇಳಿದರು. ಡಿಸ್ಕು ಒಳಗೆ ಅಂಟಿಕೊಂಡು ತಿರುಗದಾಗಿತ್ತಂತೆ. ಮುಚ್ಚಳ ಬಿಚ್ಚಿ ಬೆರಳಿನಿಂದ ಒಂದು ಸುತ್ತು ತಿರುಗಿಸಿದರೆ ಬಿಡುತ್ತದೆ, ಎಷ್ಟೋ ಸಲ ಹಾಗೆ ಮಾಡಿದ್ದೇನೆ ಎಂದರು. ಅವರ ಅಂಗಡಿಯ ಗಾಜಿನ ಮೇಲೆ ಬೆಳಿಗ್ಗೆ ಒರೆಸಿದರೆ ಮಧ್ಯಾಹ್ನಕ್ಕೆ ಹೆಸರು ಬರೆಯಬಹುದು, ಅಷ್ಟು ಧೂಳು. ಕೂದಲಿಗಿಂತ ಸಣ್ಣ ಕಣ ಬಿದ್ದರೂ ಡಿಸ್ಕಿನ ಮೈ ಹರಿದುಹೋಗುತ್ತದೆ ಎಂದು ನನಗೆ ಕಲಿಸಿಕೊಟ್ಟವರೇ ಅವರು. ಆ ಅಂಗಡಿಯಲ್ಲಿ ಕೂತು ಬಿಚ್ಚಿದ್ದಾರೆ. ತಿರುಗಿತಂತೆ, ಕಿರ್ ಎಂದಿತಂತೆ, ಮುಗಿಯಿತಂತೆ.

"ಯಾವಾಗ?"

"ನೀ ಕೊಟ್ಟ ವಾರದಾಗೇ."

ಆ ವಾರದಿಂದ ಮಳೆಗಾಲವೆಲ್ಲ ಕಳೆದು ದೀಪಾವಳಿಯವರೆಗೆ ನಾನು ಆ ಅಂಗಡಿಯಲ್ಲಿ ಕುಡಿದ ಚಹಾಗಳೆಲ್ಲ ನೆನಪಾದವು. ಎಲ್ಲ ಚಹಾದಲ್ಲೂ ಸುಳ್ಳಿತ್ತು. ಕೆಟ್ಟದ್ದಕ್ಕೆ ಸಿಟ್ಟಿಲ್ಲ, ಕೆಡುತ್ತದೆ, ಹಳೇ ಸಾಮಾನು. ಕೆಟ್ಟಿತು ತಂಗಿ ಎಂದು ಅಂದೇ ಹೇಳಿದ್ದರೆ ಇಬ್ಬರೂ ಕೂತು ಅತ್ತು ಒಂದು ಚೀಟಿ ಇಡುತ್ತಿದ್ದೆವು. ಚೀಟಿ ಮಾಡಿದವರೇ ಅವರಲ್ಲವೇ! ಬೇಲಿಯೇ ಎದ್ದು ಹೊಲ ಮೇಯ್ದರೆ ಯಾರಿಗೆ ಹೇಳುವುದು?

"ಖರೇ ಹೇಳಾಕ ನಿಮ್ಮ ಬಾಯಾಗ ಏನಿತ್ತು?"

"ನೀ ಅಷ್ಟು ಆಸೆ ಇಟ್ಕೊಂಡಿದ್ದಿ. ನನ್ನ ಇಜ್ಜತ್ತಿನ ಮಾತೂ ಇತ್ತು. ಕೈ ಗುಣ ಚಲೋ ಅದ ಅಂತ ಊರೆಲ್ಲ ಹೇಳಿಕೋತ ಅಡ್ಡಾಡ್ತಿದ್ದಿ ನೀ." ತೆಗೆದಿಟ್ಟ ಮುಚ್ಚಳ ಕೈಗೆತ್ತಿಕೊಂಡು, "ಜನಕ್ಕ ಏನ್ ಗೊತ್ತಾಗ್ತದ ಅಂತ ಮಾಡಿದೆ" ಎಂದರು.

"ಹೋಗ್ಲಿ, ಸತ್ತ ಡಿಸ್ಕ್ ಆದ್ರೂ ಕೊಡ್ರಿ. ಅದು ನನ್ನದು."

ಅಣ್ಣ ನನ್ನ ಕೈ ನೋಡಿದರು. ಕೈಯಲ್ಲಿ ನೆನಪಿನ ಕಾಣಿಕೆ ಇತ್ತು. ಹಾರ್ಡ್ ಡಿಸ್ಕಿನ ಒಳಗೆ ಇರುವುದೇ ಹೊಳೆಯುವ ಬಿಲ್ಲೆಗಳು ಎಂಬುದು ನನಗೆ ಗೊತ್ತಿಲ್ಲದ್ದೇನಲ್ಲ. ನನ್ನ ಡಿಸ್ಕಿನಲ್ಲಿದ್ದದ್ದು ಎರಡು ಬಿಲ್ಲೆ.

"ಒಂದು ನಿನಗಂತಲೇ ಇಟ್ಟೆ ತಂಗಿ. ನಿನ್ನ ಅಕ್ಷರ ನಿನ್ನ ಮನ್ಯಾಗ ಇರ್ಲಿ ಅಂತ."

"ನೀ ಮನುಷ್ಯಾ ಏನು?" ಎಂದೆ. ಇಷ್ಟು ವರ್ಷದಲ್ಲಿ ಅವರಿಗೆ ನಾನು ನೀ ಎಂದದ್ದು ಅದೇ ಮೊದಲು. ಅವರ ಮುಖ ಸಣ್ಣದಾಯಿತು. ಆಗಲಿ ಎಂದುಕೊಂಡೆ.

ಬಾಗಿಲಿಗೆ ಓಡಿದೆ. ಅತಿಥಿಗಳ ಕಾರು ಕಲಬುರಗಿಯ ದಾರಿ ಹಿಡಿದು ಹೋಗಿತ್ತು. ವಾಪಸ್ ಬಂದು ಪ್ಲಗ್ ಕಿತ್ತೆ, ಚಿಂಚೋಳಿಯವರ ಹತ್ತಿರ ಉಳಿದಿದ್ದ ಒಂದು ಚೀಟಿ ಇಸಿದುಕೊಂಡು ನನ್ನ ಕಂಪ್ಯೂಟರಿನ ಮುಂದೆ ನಿಲ್ಲಿಸಿದೆ. ಭಜಿ ತಿಂದು ಬಂದ ಒಬ್ಬ ಅಜ್ಜ ಅದನ್ನು ಓದಿ, "ಈಗ ನಡೀತಿತ್ತಲ್ಲವ್ವಾ?" ಎಂದು ಕೇಳಿದರು. "ಇಲ್ರಿ ಕಾಕಾ, ಅದು ನಡೀಲೇ ಇಲ್ಲ" ಎಂದೆ. ಅಣ್ಣ ಆ ಚೀಟಿಯನ್ನು, ತಮ್ಮದೇ ದುಂಡು ಅಕ್ಷರವನ್ನು, ನೋಡುತ್ತಾ ನಿಂತಿದ್ದರು. ನಾನು ಸಂಜೆಯ ಗಾಡಿಗೆ ಒಬ್ಬಳೇ ಬಂದೆ.

ಆಮೇಲೆ ಅವರು ಎಷ್ಟೋ ಸಲ ಫೋನು ಮಾಡಿದರು. ನಾನು ಎತ್ತಿಲ್ಲ. ಮಾಸ್ತರರು ರಾಜಿ ಮಾಡಿಸಲು ಮನೆಗೇ ಬಂದಿದ್ದರು, ಹಬ್ಬವನ್ನು ಮತ್ತೆ ಮಾಡಬೇಕು, ನೀವಿಬ್ಬರೂ ಇಲ್ಲದಿದ್ದರೆ ಹೇಗೆ ಎಂದರು. ಊಟ ಹಾಕಿ ಕಳಿಸಿದೆ, ಮಾತು ಕೊಡಲಿಲ್ಲ. ಅತಿಥಿಗಳಿಂದ ಆ ಕಾಣಿಕೆ ವಾಪಸ್ ಕೇಳಿರಿ ಎಂದೆ. ಕೊಟ್ಟದ್ದನ್ನು ಹೇಗೆ ಕೇಳುವುದು ಅಕ್ಕಾ, ಅದೂ ವೇದಿಕೆಯ ಮೇಲೆ ನಿಮ್ಮ ಕೈಯಿಂದಲೇ ಕೊಟ್ಟದ್ದು ಎಂದರು. ಅದೂ ನಿಜವೇ.

ನನ್ನ ಪಾಲಿನ ಬಿಲ್ಲೆ ದೇವರ ಗೂಡಿನ ಪಕ್ಕ ಇದೆ. ಕುಂಕುಮ ಇಟ್ಟುಕೊಳ್ಳುವಾಗ ಅದರಲ್ಲಿ ನನ್ನ ಮುಖ ಕಾಣುತ್ತದೆ, ಅಂಚಿನಲ್ಲಿ ಧೂಳು ಎಳೆದ ಒಂದು ಸಣ್ಣ ಗೆರೆಯೂ ಕಾಣುತ್ತದೆ. ಅಕ್ಷರ ಮಾತ್ರ ಕಾಣುವುದಿಲ್ಲ. ನಮ್ಮಪ್ಪನ ಶ್ರೀ ಇದರಲ್ಲಿದೆಯೋ, ಇಲ್ಲಾ ನಾನು ಎರಡೂ ಕೈಯಿಂದ ಕೊಟ್ಟು ನಮಸ್ಕಾರ ಮಾಡಿದೆನಲ್ಲ, ಅದರಲ್ಲಿ ಹೋಯಿತೋ, ನನಗೆ ಗೊತ್ತಿಲ್ಲ.