ಒಂದೇ ತಾರೀಖಿನ ಎರಡು ಕಾಗದ

ನಮ್ಮ ಬೀದಿಗೆ ನಲ್ಲಿ ನೀರು ಬಿಡುವವನಿಗೆ ನಾವಿಟ್ಟ ಹೆಸರು ಗಡಿಯಾರ. ಇಪ್ಪತ್ತೆರಡು ವರ್ಷ ಬೆಳಿಗ್ಗೆ ಆರಕ್ಕೆ ಸರಿಯಾಗಿ ವಾಲ್ವ್ ತಿರುಗಿಸಿದವನು. ಅವನೂ ಒಮ್ಮೆ ನಿಂತ. ಹೊಟ್ಟೆಯ ಆಪರೇಷನ್ನು, ಎರಡು ತಿಂಗಳು ಹಾಸಿಗೆ. ಹೆಂಡತಿ ಡಾಕ್ಟರ ಚೀಟಿ ಸಮೇತ ರಜೆ ಅರ್ಜಿಯನ್ನು ನೀರು ಸರಬರಾಜು ಕಚೇರಿಗೆ ಕೊಟ್ಟು, ನಕಲಿನ ಮೇಲೆ ಮೊಹರು ಹಾಕಿಸಿಕೊಂಡು ಬಂದಳು. ನಕಲು ಇಟ್ಟುಕೊಳ್ಳಮ್ಮ ಎಂದವನು ನಾನೇ. ಕಚೇರಿಯ ಎದುರಿಗೆ ಜೆರಾಕ್ಸ್ ಅಂಗಡಿ ಇಟ್ಟವನು ಇನ್ನೇನು ಬುದ್ಧಿ ಹೇಳಿಯಾನು?

ಆದರೂ ಒಂದು ದಿನ ಮನೆಗೆ ಲಕೋಟೆ ಬಂತು. ಹೇಳದೆ ಕೇಳದೆ ಗೈರಾಗಿದ್ದಕ್ಕೆ ಕೆಲಸದಿಂದ ವಜಾ. ಗಡಿಯಾರ ಹೊಟ್ಟೆ ಹಿಡಿದುಕೊಂಡೇ ಅಂಗಡಿಗೆ ಬಂದ.

"ಅಣ್ಣಾ, ನನ್ನ ಕಥೆ ಮುಗೀತು."

"ಮುಗಿಯೋಕೆ ಮುಂಚೆ ಕೂತ್ಕೋ. ಲಕೋಟೆಯಲ್ಲಿ ಇನ್ನೇನಿದೆ?"

"ಇನ್ನೊಂದು ಕಾಗದ. ಒಂದು ಓದೋ ಹೊತ್ಗೇ ಜೀವ ಬಾಯಿಗೆ ಬಂತು, ಅದನ್ನ ಯಾಕೆ ಓದ್ಲಿ?"

ಅದು ನೋಟಿಸು. ಗೈರಿಗೆ ಕಾರಣವನ್ನು ಹದಿನೈದು ದಿನದೊಳಗೆ ತಿಳಿಸಬೇಕಂತೆ. ಎರಡಕ್ಕೂ ತಾರೀಖು ಒಂದೇ! ಆ ಕಚೇರಿಯ ಗುಮಾಸ್ತರ ಪದ್ಧತಿ ನನಗೆ ಗೊತ್ತು. ನೋಟಿಸಿನ ಜೊತೆಗೇ ವಜಾ ಆದೇಶವನ್ನೂ ಟೈಪು ಮಾಡಿಸಿ, ಸಹಿ ಹಾಕಿಸಿ, ಫೈಲಿನಲ್ಲಿ ಇಟ್ಟುಕೊಳ್ಳುವುದು. ಸಾಹೇಬರ ಕೋಣೆಗೆ ಎರಡು ಸಲ ನಡೆದರೆ ಅವರ ಕಾಲು ಸವೆಯುತ್ತದೆ. ಈ ಸಲ ಆತುರದಲ್ಲಿ ಎರಡನ್ನೂ ಒಂದೇ ಲಕೋಟೆಗೆ ತುಂಬಿದ್ದರು.

ಮೇಲಿನ ಕಚೇರಿಗೆ ಮನವಿ ಬರೆದೆವು. ವಿಚಾರಣೆಯ ದಿನ ಗಡಿಯಾರ ಕಾಗದಗಳನ್ನೆಲ್ಲ ಹೆಂಡತಿಯ ಕೈಗೆ ದಾಟಿಸಿದ. ಅವಳೇ ಮಾತಾಡಿದಳು.

"ನೋಟಿಸಿಗೆ ಯಾಕಮ್ಮ ಉತ್ತರ ಕೊಡ್ಲಿಲ್ಲ?" ಅಧಿಕಾರಿ ಮೇಡಂ ಕೇಳಿದರು.

"ಹದಿನೈದು ದಿನ ಅಂದ್ರು ಮೇಡಂ, ಹದಿನೈದು ನಿಮಿಷಾನೂ ಬಿಡ್ಲಿಲ್ಲ. ಊಟಕ್ಕೆ ಕೂತ್ಕೋ ಅಂದು ತಟ್ಟೆ ಕಿತ್ಕೊಂಡಂಗಾಯ್ತು."

ಮೇಡಂ ಎರಡೂ ಕಾಗದ ಪಕ್ಕಪಕ್ಕ ಇಟ್ಟು ನೋಡಿದರು. ಮೊಹರು ಬಿದ್ದ ನಕಲನ್ನೂ ನೋಡಿದರು. ಮೂಲ ಅರ್ಜಿ ಮಾತ್ರ ಅದನ್ನು ತೆಗೆದುಕೊಂಡ ಮೇಜಿನಿಂದ ಎದ್ದು ಫೈಲಿಗೆ ಹೋಗಿಯೇ ಇರಲಿಲ್ಲ.

"ಇದೇನ್ರೀ?" ಮೇಡಂ ಪಕ್ಕದಲ್ಲಿ ಫೈಲು ಹಿಡಿದು ನಿಂತಿದ್ದ ಗುಮಾಸ್ತರತ್ತ ತಿರುಗಿದರು.

"ರೂಢಿ ಮೇಡಂ," ಎಂದರು ಗುಮಾಸ್ತರು, ಚಪ್ಪಲಿ ನೋಡಿಕೊಳ್ಳುತ್ತ.

"ಉತ್ತರ ಕೇಳೋಕೆ ಮುಂಚೇನೇ ಶಿಕ್ಷೆ ಬರ್ದಿಡೋದು ರೂಢೀನಾ?"

ವಜಾ ಅಲ್ಲೇ ರದ್ದಾಯಿತು. ಎರಡು ತಿಂಗಳೂ ಕಾಯಿಲೆ ರಜೆಗೆ ಸೇರಿತು. ಹೊರಗೆ ಬಂದವನೇ ಗಡಿಯಾರ ಮೆಟ್ಟಿಲ ಮೇಲೆ ಕುಸಿದು ಕೂತು ಅತ್ತ. "ಗೆದ್ದ ಮೇಲೆ ಅಳ್ತಾರೇನ್ರೀ, ಏಳಿ," ಎಂದು ಗದರಿದ ಹೆಂಡತಿಯ ಕಣ್ಣೂ ಒದ್ದೆ.

ಮರುವಾರ ನಲ್ಲಿಯಲ್ಲಿ ನೀರು ಬಂದಾಗ ಆರು ಗಂಟೆ ಹತ್ತು ನಿಮಿಷ. ನಾನು ಅವನನ್ನು ಸುಮ್ಮನೆ ಬಿಡಲಿಲ್ಲ.

"ಏನಪ್ಪಾ, ಗಡಿಯಾರ ನಿಧಾನವಾಗಿದೆ?"

"ಬಗ್ಗಬೇಡ ಅಂದಿದಾರೆ ಅಣ್ಣಾ ಡಾಕ್ಟ್ರು, ಕೂತು ತಿರುಗಿಸ್ದೆ. ಬೇಕಾದ್ರೆ ನೋಟಿಸು ಕೊಡಿ. ಈ ಸಲ ಓದಿ ಉತ್ತರ ಕೊಡ್ತೀನಿ."