ಗೇಣುದ್ದದ ತುಂಡು

ಸ್ವಂತ ಮನೆಯ ಫ್ರಿಜ್ಜಿನ ಕಂಪ್ರೆಸರ್ ಬಿಚ್ಚಿಕೊಂಡು, ಹಾಲು ಮೊಸರನ್ನೆಲ್ಲ ಪಕ್ಕದ ಮನೆಯ ನಮ್ಮ ಫ್ರಿಜ್ಜಿಗೆ ಸಾಗಿಸಿದ ಮಹಾನುಭಾವರು ರೇವಣಸಿದ್ದಪ್ಪ ಕಾಕಾ. ಮೆಹದಿಪಟ್ಟಣಂನ ನಮ್ಮ ಗಲ್ಲಿಯಲ್ಲಿ ಮುದುಕನಿಗೆ ತಲೆ ಕೆಟ್ಟಿದೆ ಎಂದೇ ಮಾತಾಗಿತ್ತು. ಅವರ ಹೆಂಡತಿ ಶರಣಮ್ಮ ಕಾಕು ಮಾತ್ರ ಹಾಲಿನ ಪಾತ್ರೆ ನನ್ನ ಕೈಗಿಡುತ್ತ, "ಮಗಗ ಜಾರೂ ಕಟ್ಟಿಗಿ ಮಾಡಾಕತ್ತಾರ ತಂಗಿ" ಅನ್ನುತ್ತಿದ್ದರು.

ಜಾರುವ ಕಟ್ಟಿಗೆ ಎಂದರೆ ಸ್ಕೀ. ಮಗ ಮಲ್ಲು ಹಿಮಾಚಲದಲ್ಲಿ ಪ್ರವಾಸಿಗರಿಗೆ ಹಿಮದ ಮೇಲೆ ಜಾರುವುದನ್ನು ಕಲಿಸುತ್ತಿದ್ದ. ಕಲಬುರಗಿ ಕಡೆಯ ಕಾಕಾ ಹಿಮ ಕಂಡವರೇ ಅಲ್ಲ. ಆದರೆ ಕಾರ್ಖಾನೆಯಲ್ಲಿ ನಿವೃತ್ತಿಯವರೆಗೂ ಫೈಬರ್ ಬಟ್ಟೆಗೆ ರೆಸಿನ್ ಅಂಟು ಸವರಿ, ಪದರದ ಮೇಲೆ ಪದರ ಕೂರಿಸಿದವರು. ಮಗ ಅಂಗಡಿಯಲ್ಲಿ ಕೊಂಡರೆ ಅವರಿಗೆ ಅವಮಾನ.

ಅವರಿಗಿದ್ದ ವೈರಿ ಒಂದೇ, ಗಾಳಿಗುಳ್ಳೆ. "ಗುಳ್ಳಿ ಒಳಗ ಸೇರಿ ಸುಮ್ನ ಕುಂತಿರತೈತಿ. ಭಾರ ಬಿದ್ದ ದಿನ ಅಲ್ಲೇ ಸೀಳತೈತಿ ನೋಡು." ಅಂಟನ್ನು ಬಿಸಿನೀರಲ್ಲಿಟ್ಟು ತೆಳುವಾಗಿಸಿ, ನಿಧಾನ ಕಲಕುವರು. "ಮಜ್ಜಿಗಿ ಕಡದಂಗ ಕಡೀಬಾರ್ದು, ಕೂಸಿನ ತಲಿ ಸವರಿದಂಗ ಸವರಬೇಕು." ಧೂಳು ಏಳುತ್ತದೆಂದು ಫ್ಯಾನ್ ಬಂದ್. ಬೆವರಿನ ಹನಿ ಬೀಳದಂತೆ ಹಣೆಗೆ ಟವೆಲ್. ಕೊನೆಗೆ ಎಲ್ಲವನ್ನೂ ಪ್ಲಾಸ್ಟಿಕ್ ಚೀಲದೊಳಗಿಟ್ಟು, ಆ ಫ್ರಿಜ್ಜಿನ ಕಂಪ್ರೆಸರಿನಿಂದ ಗಾಳಿಯನ್ನೆಲ್ಲ ಎಳೆಸಿದರು. ಇಣುಕಿ ನೋಡಿದ ನನಗೆ ಸಿಕ್ಕಿದ್ದು ಬೈಗುಳ: "ಬಾಗಲಾ ಹಾಕವಾ!"

ರಜೆಗೆ ಬಂದ ಮಲ್ಲು ಮಾಳಿಗೆಯ ಮೇಲೆ ಅಪ್ಪ ಮಾಡಿದ ಸ್ಕೀಗಳನ್ನು ಕಾಲಿಗೆ ಕಟ್ಟಿಕೊಂಡು ಬಾಗಿ ನಿಂತ. "ಅಪ್ಪಾ, ಕಂಪನೀವುಕಿಂತ ಛಲೋ ಅದಾವ." ಕಾಕಾ ಶುಭ್ರವಾಗಿದ್ದ ಕನ್ನಡಕವನ್ನೇ ಮತ್ತೆ ಮತ್ತೆ ಒರೆಸಿಕೊಂಡರು.

ಅದೇ ಚಳಿಗಾಲ ಗುಡ್ಡದ ಹಿಮ ಕುಸಿದು ಮಲ್ಲು ಸತ್ತ. ಹೆಣದ ಜೊತೆ ಒಂದೇ ಒಂದು ಸ್ಕೀ ಬಂತು. ಇಡೀ ಇಳಿಜಾರೇ ಬಂದು ಬಿದ್ದದ್ದು, ಯಾರಿದ್ದರೂ ಉಳಿಯುತ್ತಿರಲಿಲ್ಲ ಎಂದು ಗೆಳೆಯರು ಹಿಂದಿಯಲ್ಲಿ ಹೇಳುತ್ತಲೇ ಇದ್ದರು. ಕಾಕಾ ಕೇಳಿದ್ದು ಒಂದೇ ಮಾತು: "ದೂಸ್ರಾ ಕಹಾಂ ಹೈ?"

ಇನ್ನೊಂದು ಸಿಗಲಿಲ್ಲ. ಹೀಗಾಗಿ ಸಿಕ್ಕಿದ್ದನ್ನೇ ಕೊಯ್ಯತೊಡಗಿದರು. ಬೆರಳಗಲ ಕೊಯ್ಯುವುದು, ಕಿಟಕಿಯ ಬೆಳಕಿಗೆ ಹಿಡಿಯುವುದು, ಗುಳ್ಳೆ ಹುಡುಕುವುದು. ಗರಗಸದ ಸದ್ದು ಕೇಳಲಾರದೆ ಒಂದು ಮಧ್ಯಾಹ್ನ ಹೋದೆ.

"ಕಾಕಾ, ಗುಡ್ಡಾನ ಬಿದ್ದೈತ್ರಿ. ನಿಮ್ಮ ಕೈದೇನೂ ತಪ್ಪಿಲ್ರಿ."

"ಅದನ್ನ ನೋಡಾಕನ ಕೊಯ್ಯಾಕತ್ತೀನಿ ತಂಗಿ."

ಯಾವ ತುಂಡಿನಲ್ಲೂ ಗುಳ್ಳೆ ಇರಲಿಲ್ಲ. ಕೊನೆಗೆ ಉಳಿದದ್ದು ಬೂಟು ಕೂರುವ ಜಾಗ, ಒಂದು ಗೇಣಿನಷ್ಟು. ಅದಕ್ಕೂ ಗರಗಸ ಇಟ್ಟಾಗ ಕಾಕು ಕಸಿದುಕೊಂಡು ಮಡಿಲಲ್ಲಿಟ್ಟುಕೊಂಡರು. "ಇದರ ಮ್ಯಾಲೆ ನನ್ನ ಮಗಾ ನಿಂತಾನ. ಇದನ್ನ ಮುಟ್ಟಬ್ಯಾಡ್ರಿ."

ಕಾಕಾ ಗರಗಸ ಕೆಳಗಿಟ್ಟರು. ಆದರೆ ಗುಳ್ಳೆ ಎಲ್ಲಿದೆಯೆಂದು ಅಂದೇ ಅವರ ಮನಸ್ಸಿನಲ್ಲಿ ತೀರ್ಮಾನವಾಯಿತು. "ಅಲ್ಲೇ ಐತಿ, ಬಿಡು" ಎಂದು ತಮ್ಮಷ್ಟಕ್ಕೆ ಅನ್ನುತ್ತಿದ್ದರು. ಊಟ ಕಡಿಮೆಯಾಯಿತು, ಮಾತು ನಿಂತಿತು. ಬೇಸಿಗೆ ಮುಗಿಯುವ ಮೊದಲೇ ಹೋಗಿಬಿಟ್ಟರು. ನನಗೆ ಅವರ ಮೇಲೆ ಸಿಟ್ಟೂ ಬಂತು, ಅಳುವೂ ಬಂತು.

ದಿನಕರ್ಮ ಮುಗಿದ ಮೇಲೆ ಕಾಕು ನಮ್ಮ ಮನೆಗೆ ಬಂದರು. ಸೆರಗಿನಲ್ಲಿ ಆ ತುಂಡಿತ್ತು. ಅದನ್ನು ಎರಡೂ ಕೈಯಲ್ಲಿ ಹಿಡಿದು ಕೇಳಿದರು:

"ಕೊಯ್ಯಾಕ ಬಿಟ್ಟಿದ್ರ ಅವ್ರಾದ್ರೂ ಉಳೀತಿದ್ರೇನ ತಂಗಿ?"