ಹತ್ತಿತ್ರಿ, ಅಕ್ಕೋರ!

ಗೌರಾ ಕುರ್ಚಿಯಲ್ಲಿ ಪೂರ್ತಿ ಕೂತದ್ದನ್ನು ನಾನು ನೋಡಲೇ ಇಲ್ಲ. ಅಂಚಿಗೆ ಅರ್ಧ ಕೂತು, ಒಂದು ಕಾಲು ಬಾಗಿಲ ಕಡೆಗಿಟ್ಟು, ಬಸ್ಸು ಹಾರ್ನ್ ಹೊಡೆಯಿತೇನೋ ಎಂಬಂತೆ ಚಹಾ ಕುಡಿಯುವಳು. ಯಾವ ಡಬ್ಬಿ ಸಿಕ್ಕರೂ ಕಿವಿಗೆ ಹಿಡಿದು ಅಲ್ಲಾಡಿಸಬೇಕು. "ಡೋಂಟ್ ಫಿಜೆಟ್, ಗರ್ಲ್ಸ್" ಎಂದು ಕಾನ್ವೆಂಟಿನ ಸಿಸ್ಟರುಗಳು ರೂಲರ್ ತೋರಿಸಿ ಬೆಳೆಸಿದ ಹುಡುಗಿ ನಾನು. ಮೊದಮೊದಲು ಅವಳನ್ನು ನೋಡಿದರೇ ತಲೆನೋವು.

ಜೇವರ್ಗಿಯ ನಮ್ಮ ಮನೆಯ ಮೇಲಿನ ಕೋಣೆಗೆ ಬಾಡಿಗೆಗೆ ಬಂದವಳು. ಊರು ಮಾದನಹಿಪ್ಪರಗಾ. ಅಫಜಲಪುರದ ಶಾಲೆಯೊಂದರಲ್ಲಿ ವಿಜ್ಞಾನ ಕಲಿಸುತ್ತಿದ್ದಳು, ನಲವತ್ತು ದಾಟಿದ ಮೇಲೆ ರಜೆ ಹಾಕಿ ಪಿಎಚ್.ಡಿ.ಗೆ ಹೊರಟಳು. ದಿನಾ ಭೀಮಾ ದಾಟಿ ಕಲಬುರಗಿಯ ಲ್ಯಾಬಿಗೆ. ಅಲ್ಲೇ ಇರಬಾರದೇ ಎಂದರೆ, "ಬಸ್ಸಿನ್ಯಾಗ ನಿಂತಾಗಷ್ಟೇ ನನಗ ವಿಚಾರ ಬರ್ತಾವ್ರಿ." ಮಕ್ಕಳಿಗೆ ಇಂಗ್ಲಿಷ್ ಕಲಿಸಿ ರಿಟೈರ್ ಆದ ನನ್ನನ್ನು ಊರೆಲ್ಲ ಮಿಸ್ ಅಂದರೆ ಇವಳಿಗೆ ಮಾತ್ರ ನಾನು ಅಕ್ಕೋರು.

"ಎಕ್ಸ್ಯಾಕ್ಟ್ಲಿ ಏನ್ ಮಾಡ್ತೀ ಬೇ ಅಲ್ಲಿ?" ಎಂದು ಒಮ್ಮೆ ಕೇಳಿದೆ. ಅವಳ ಅವ್ವ ಊರಿಂದ ಕಳಿಸಿದ್ದ ತೊಗರಿಬೇಳೆಯನ್ನು ಮುಷ್ಟಿಯಲ್ಲಿ ಎತ್ತಿದಳು.

"ಅವ್ವ ಬ್ಯಾಳಿಗೆ ಔಡಲೆಣ್ಣಿ ಯಾಕ ಹಚ್ಯಾಳ್ರಿ?"

"ಹುಳ ಬೀಳಬಾರದಂತ."

"ನಂದೂ ಅದೇ ಧಂದಾ. ರಾಕೆಟ್ಟಿನ ಇಂಧನಕ್ಕ ಅಲ್ಯುಮಿನಿಯಂ ಪುಡಿ ಕಲಸ್ತಾರ. ಕಣ್ಣಿಗೆ ಕಾಣದಷ್ಟು ಸಣ್ಣದಿದ್ರ ಲಗೂ ಹತ್ತತದ, ಜೋರ್ ಉರೀತದ. ಖರೇ, ಗಾಳಿ ಸೋಂಕಿತೋ, ಸುಡೂಕಿಂತ ಮೊದಲೇ ಬೂದಿ ಹೊಚ್ಕೊಂಡು ಕುಂದರ್ತದ. ಕಾಳು ಸಣ್ಣಾದಷ್ಟೂ ತಿರುಳು ಕಮ್ಮಿ, ಸಿಪ್ಪಿ ಜಾಸ್ತಿ. ಅದಕ್ಕ ಗಾಳಿ ಮುಟ್ಟೂದ್ರೊಳಗ ನಾನೇ ಒಂದು ಅರಿವಿ ತೊಡಸ್ತೇನಿ."

"ಓಹ್, ಕೋಟಿಂಗ್!"

"ಕೋಟ್ ಅಲ್ರಿ ಅಕ್ಕೋರ, ಕುಪ್ಪಸ. ಮೈಗೆ ಅಂಟಿರಬೇಕು, ಉಸಿರು ಕಟ್ಟಬಾರದು."

ಔಡಲೆಣ್ಣೆಯಿಂದ ತೆಗೆದ ಆಮ್ಲದ್ದೇ ಮೊದಲ ಕುಪ್ಪಸ. ಮಳೆಗಾಲದ ತೇವಕ್ಕೆ ಪುಡಿ ಕೆಡಲಿಲ್ಲ, ಆದರೆ ಬೆಂಕಿಗೂ ಜಗ್ಗಲಿಲ್ಲ. ಹೊದಿಕೆ ದಪ್ಪವಾಗಿತ್ತು, ಬರೀ ಹೊಗೆಯಾಡಿ ಸುಮ್ಮನಾಯಿತಂತೆ. "ಏನಮ್ಮಾ, ಉಪ್ಪಿನಕಾಯಿ ಹಾಕೀ ಏನು?" ಎಂದರಂತೆ ಗೈಡ್. ಇನ್ನೊಂದು ಮಳೆಗಾಲ ಇಟ್ಟು ನೋಡು, ಆಗಲೂ ಹತ್ತದಿದ್ದರೆ ಸಾಕುಮಾಡು ಎಂದೂ ಅಂದರು. ರಜೆಯೂ ಅಷ್ಟಕ್ಕೇ ಮುಗಿಯುತ್ತಿತ್ತು.

"ಹತ್ತಲಿಲ್ಲಂದ್ರ ಮತ್ತ ಅಫಜಲಪುರದ ಸಾಲಿ, ಮತ್ತ ಹಾಜರಿ ಕೂಗೂದು," ಎಂದಳು. ನಗುತ್ತಲೇ ಅಂದಳು; ಕೈಯೊಳಗಿನ ಡಬ್ಬಿ ಮಾತ್ರ ನಿಲ್ಲಲಿಲ್ಲ.

ಆ ಮಳೆಗಾಲ ನನ್ನ ಮೆಟ್ಟಿಲುಗಳಿಗೆ ಪುರಸೊತ್ತಿರಲಿಲ್ಲ. ಹೊಸ ಪುಡಿಗೆ ತೆಳ್ಳನೆಯ ಹೊದಿಕೆ ಕೊಟ್ಟಿದ್ದಳು. ತೇವ ಒಳಹೊಕ್ಕರೆ ಎಲ್ಲ ಬೂದಿ. ಬೆಳಗಾದರೆ ನನ್ನ ಅಡುಗೆಮನೆಗೆ ಬಂದು ಉಪ್ಪಿನ ಡಬ್ಬಿ ಅಲ್ಲಾಡಿಸುವಳು. ಸದ್ದು ಬರದಿದ್ದರೆ, "ಇವತ್ತು ಹಸಿ ಭಾಳ ಅದ," ಎಂದು ಚಹಾ ಅರ್ಧಕ್ಕೇ ಬಿಟ್ಟು ಓಡುವಳು.

"ಪೇಶನ್ಸ್, ಗೌರಾ. ಸಿಟ್ ಸ್ಟಿಲ್."

"ನಿಮ್ಮ ಇಂಗ್ಲಿಷು ನಿಮ್ಮ ಕುಪ್ಪಸ ರೀ ಅಕ್ಕೋರ. ಒಳಗ ನೀವೂ ಕುದೀತೀರಿ, ನನಗ ಗೊತ್ತದ."

ಮೈ ಗಾಡ್, ಎಂಥ ಹೆಂಗಸು! ಆದರೆ ನನಗೂ ಒಂದು ಕಾಲಕ್ಕೆ ಎಲ್ಲೆಲ್ಲಿಗೋ ಹೋಗಬೇಕಿತ್ತು. ಯಾರಿಗೂ ಹೇಳಿರಲಿಲ್ಲ.

ಪುಡಿ ಸುಡುವ ದಿನ ಮಧ್ಯಾಹ್ನ ಫೋನ್ ಬಂತು. "ಅಕ್ಕೋರ, ಹತ್ತಿ..." ಅಷ್ಟೇ ಕೇಳಿಸಿದ್ದು, ಉಳಿದದ್ದು ಯಾವುದೋ ಲಾರಿಯ ಹಾರ್ನಿನಲ್ಲಿ ಮುಳುಗಿತು. ಬಸ್ಸು ಹತ್ತೀನಿ ಅಂದಳೆಂದು ತಿಳಿದೆ. ಪುಡಿಯ ಮಾತೇ ಎತ್ತಲಿಲ್ಲವಲ್ಲ, ಅಂದರೆ ಸೋತೇ ಬರುತ್ತಿದ್ದಾಳೆ. ಬಿಸಿ ಊಟವಾದರೂ ಇರಲಿ ಎಂದು ಬೇಳೆ ಒಲೆಗಿಟ್ಟೆ. ಕಲಬುರಗಿಯ ಬಸ್ಸುಗಳು ಬಂದವು, ಹೋದವು, ಅವಳಿಲ್ಲ. ಫೋನೂ ಎತ್ತಲಿಲ್ಲ. ಒಲೆಯ ಉರಿ ಸಣ್ಣದು ಮಾಡಿ ಬಾಗಿಲಲ್ಲೇ ನಿಂತೆ. ಜೀವನದಲ್ಲಿ ಅಷ್ಟು ಫಿಜೆಟ್ ಮಾಡಿದ್ದು ಅದೇ ಮೊದಲು.

ಸಂಜೆಗೆ ಓಡುತ್ತ ಬಂದಳು, ಸೆರಗು ಎಲ್ಲೋ, ಚೀಲ ಎಲ್ಲೋ.

"ಎಲ್ಲಿ ಹಾಳಾಗಿದ್ದೀ? ಮಧ್ಯಾಹ್ನಾನೇ ಬಸ್ ಹತ್ತೀನಿ ಅಂದೆಲ್ಲ!"

"ಬಸ್ಸಲ್ರೀ, ಪುಡಿ! ಪುಡಿ ಹತ್ತಿತ್ರಿ, ಅಕ್ಕೋರ! ಕಣ್ಣು ಕುಕ್ಕೂವಂಥ ಬೆಳ್ಳನ ಬೆಳಕು!" ನನ್ನ ಎರಡೂ ಕೈ ಹಿಡಿದು ತಿರುಗಿಸಿದಳು. ಥಟ್ಟನೆ ನಿಂತು ಮೂಗು ಅರಳಿಸಿದಳು. "ಅಕ್ಕೋರ... ಬ್ಯಾಳೀನೂ ಹತ್ತಿತ್ರಿ!"

ತಳ ಕರಕಲಾಗಿತ್ತು. ಮೇಲಿನದಷ್ಟನ್ನೇ ಬಡಿಸಿಕೊಂಡು, ಸೀದ ವಾಸನೆಯ ಸಾರನ್ನು ಇಬ್ಬರೂ ಸುರಿದುಕೊಂಡು ಉಂಡೆವು.

ಅದೇ ಕೆಲಸದ ಮೇಲೆ ಹೈದರಾಬಾದಿನ ಲ್ಯಾಬೊಂದು ಅವಳನ್ನು ಕರೆಯಿತು. ಬೀಳ್ಕೊಡಲು ಬಸ್‌ಸ್ಟ್ಯಾಂಡಿಗೆ ಹೋದೆ. ಬಾಗಿಲಲ್ಲಿ ನಿಂತು, "ಹತ್ತೀನ್ರಿ, ಅಕ್ಕೋರ! ಈ ಸಲ ಬಸ್ಸೇ!" ಎಂದು ಕೂಗಿದಳು. "ಆಲ್ ದಿ ಬೆಸ್ಟ್" ಎನ್ನಲು ಬಾಯಿ ತೆರೆದೆ, ಬಂದದ್ದು ಬೇರೆ.

"ಹೊಳ್ಳಿ ಬಾ ಬೇ ಹುಚ್ಚಿ! ಉಪ್ಪಿನ ಡಬ್ಬಿ ಯಾರ್ ಅಲ್ಲಾಡಸ್ತಾರ ಇನ್ನ?"

ಇಡೀ ಬಸ್‌ಸ್ಟ್ಯಾಂಡು ಹೊರಳಿ ನೋಡಿತು. ಬಸ್ಸು ಹೊರಟಿತು. ಕಿಟಕಿಯ ಪಕ್ಕದ ಸೀಟು ಖಾಲಿಯೇ ಇತ್ತು. ಅವಳು ಕೂತಿರಲಿಲ್ಲ.